ಒತ್ತು ಹೋಯಿತು, ಗುರುತು ಉಳಿಯಿತು: ಫ್ರೆಂಚ್ ಕ್ರಿಯಾಪದಗಳ ಒಳಗೊಂದು ಇಣುಕು

ಮೊದಲು ಒಂದು ಸಣ್ಣ ಪ್ರಯೋಗ. ಹಲಗೆಯ ಮೇಲೆ ಫ್ರೆಂಚಿನಲ್ಲಿ ‘ಮಾತಾಡು’ ಅನ್ನುವ ಕ್ರಿಯಾಪದದ ಆರು ರೂಪಗಳನ್ನು ರೋಮನ್ ಲಿಪಿಯಲ್ಲಿ ಬರೆದಿದ್ದೇನೆ: ನಾನು, ನೀನು, ಅವನು, ನಾವು, ನೀವು, ಅವರು. ಓದಬೇಡಿ, ಕಣ್ಣಿನಿಂದ ನೋಡಿ ಅಷ್ಟೇ. ಒಂದರ ಕೊನೆಗೆ ಎಸ್ ಇದೆ, ಇನ್ನೊಂದರ ಕೊನೆಗೆ ಜ಼ೆಡ್ ಇದೆ, ಕೊನೆಯದಕ್ಕಂತೂ ಇ, ಎನ್, ಟಿ ಎಂದು ಮೂರು ಅಕ್ಷರಗಳ ಬಾಲವೇ ಇದೆ. ಬರಹದಲ್ಲಿ ಐದು ಬೇರೆ ಬೇರೆ ರೂಪ. ಈಗ ಕಣ್ಣು ಮುಚ್ಚಿ, ನಾನು ಹೇಳುತ್ತೇನೆ, ಎಣಿಸಿ: ಜ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ನೂ ಪಾರ್ಲೋಂ, ವೂ ಪಾರ್ಲೇ, ಇಲ್ ಪಾರ್ಲ್.

ಎಷ್ಟು ಕೇಳಿಸಿತು? ಮೂರೇ. ನಾನು, ನೀನು, ಅವನು, ಅವರು ಈ ನಾಲ್ಕಕ್ಕೂ ಒಂದೇ ‘ಪಾರ್ಲ್’. ಬಿಸ್ಕತ್ತಿನ ಪೊಟ್ಟಣ ನೋಡುತ್ತ ಬೆಳೆದ ನಮಗೆ ಇದನ್ನು ‘ಪಾರ್ಲೆ’ ಎಂದು ಓದುವ ಚಟ. ಆ ಪಾರ್ಲೆ ಮುಂಬಯಿಯ ವಿಲೇ ಪಾರ್ಲೆ, ಫ್ರಾನ್ಸಿಗೂ ಅದಕ್ಕೂ ನಂಟಿಲ್ಲ. ನನ್ನ ತರಗತಿಯಲ್ಲಿ ಹೊಸಬರು ‘ಇಲ್ ಪಾರ್ಲೆಂಟ್’ ಎಂದು ಕೊನೆಯ ಟಿಯನ್ನೂ ಬಿಡದೆ ಓದುತ್ತಾರೆ. ತಪ್ಪು ಅವರದಲ್ಲ. ಬರೆದದ್ದನ್ನೆಲ್ಲ ಓದುವ ಲಿಪಿಯಲ್ಲಿ ಬೆಳೆದವರು ನಾವು.

ಒಂದು ಸೂಚನೆ ಹೇಳಿಬಿಡುತ್ತೇನೆ, ಇಡೀ ಮಾತಿಗೆ ಬೇಕಾಗುತ್ತದೆ. ಫ್ರೆಂಚ್ ಪದಗಳನ್ನು ಕನ್ನಡದಲ್ಲಿ ಹೇಳುವಾಗ ನಾನು ಹ್ರಸ್ವ ಅಕಾರ ಬಳಸಿದರೆ, ಅಂದರೆ ‘ಜ’, ‘ಲ’, ‘ಮ’ ಎಂದರೆ, ಅದು ಫ್ರೆಂಚಿನ ಆ ತೆಳುವಾದ, ಇದ್ದೂ ಇಲ್ಲದಂಥ ಸ್ವರ. ಬರಹದಲ್ಲಿ ಅದು ಬರೀ ಇ. ಫ್ರೆಂಚರು ಅದನ್ನು ಮೂಕ ಸ್ವರ ಎನ್ನುತ್ತಾರೆ. ಅನುಸ್ವಾರ ಕಂಡಲ್ಲಿ ಮೂಗಿನಿಂದ ಹೇಳಿ, ‘ಮ್’ ಎಂದು ತುಟಿ ಮುಚ್ಚಬೇಡಿ. ಇವತ್ತಿನ ಕಥೆಯಲ್ಲಿ ಹೆಚ್ಚು ಕಿತಾಪತಿ ಮಾಡುವುದು ಈ ಮೂಕ ಸ್ವರವೇ.

ಈಗ ಉಚ್ಚಾರಾಂಶಕ್ಕೆ, ಅಂದರೆ ಇಂಗ್ಲಿಷಿನ ಸಿಲಬಲ್‌ಗೆ ಬರೋಣ. ಒಂದು ಸ್ವರಕ್ಕೆ ಒಂದು ಉಚ್ಚಾರಾಂಶ, ಅದು ನಮ್ಮಲ್ಲೂ ಹಾಗೇ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಸಿಕ್ಕರೆ ಅದು ಮುಂದಿನದಕ್ಕೆ ಹೋಗುತ್ತದೆ, ಅದೂ ಹಾಗೇ. ಎರಡು ವ್ಯಂಜನ ಬಂದಾಗ ದಾರಿ ಬೇರೆಯಾಗುತ್ತದೆ. ಛಂದಸ್ಸು ಓದಿದವರಿಗೆ ನೆನಪಿದೆ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ‘ಪತ್ರ’ ಎಂದು ಬರೆಯುವಾಗ ನಾವು ಪ-ತ್ರ ಎಂದು ಬಿಡಿಸಿದರೂ ಲಯದ ಲೆಕ್ಕದಲ್ಲಿ ಅದು ಪತ್-ರ. ಫ್ರೆಂಚಿನ ಕಿವಿ ನಮ್ಮ ಲಿಪಿಯ ಪಕ್ಷ, ಛಂದಸ್ಸಿನ ಪಕ್ಷವಲ್ಲ. ‘ತೋರಿಸು’ ಎಂಬ ಪದ ಮೋಂ-ತ್ರೇ. ತ, ಪ, ಕ, ದ, ಬ, ಗ, ಫ ಇವುಗಳಿಗೆ ರ ಅಥವಾ ಲ ಅಂಟಿದರೆ ಆ ಜೋಡಿಯನ್ನು ಸಾಮಾನ್ಯವಾಗಿ ಮುರಿಯುವುದಿಲ್ಲ. ‘ಪಾರ್ಲೋಂ’ನಲ್ಲಿ ರ ಮೊದಲು ಬಂದಿದೆ, ಹಾಗಾಗಿ ಪಾರ್-ಲೋಂ ಎಂದು ಒಡೆಯುತ್ತದೆ.

ಈ ನಿಯಮ ಕ್ರಿಯಾಪದದ ಒಳಗೆ ಏನು ಮಾಡುತ್ತದೆ ನೋಡಿ. ‘ನಾವು ಮಾತಾಡುತ್ತಿದ್ದೆವು’ ಎನ್ನಲು ಪಾರ್-ಲ್ಯೋಂ, ಎರಡು ಪೆಟ್ಟು. ಅದೇ ಪ್ರತ್ಯಯ ‘ತೋರಿಸು’ಗೆ ಹತ್ತಿದರೆ ‘ಮೋಂ-ತ್ರ್ಯೋಂ’ ಆಗಬೇಕಲ್ಲ? ತ, ರ, ಯ ಮೂರನ್ನೂ ಒಂದೇ ಉಸಿರಿಗೆ ಹೇಳಲು ಆ ಬಾಯಿ ಒಪ್ಪುವುದಿಲ್ಲ. ನಡುವೆ ಒಂದು ಇಕಾರ ಹುಟ್ಟಿ ಮೋಂ-ತ್ರಿ-ಯೋಂ ಆಗುತ್ತದೆ. ಪ್ರತ್ಯಯದ ಕಾಗುಣಿತ ಎರಡೂ ಕಡೆ ಒಂದೇ, ಪೆಟ್ಟು ಮಾತ್ರ ಒಂದು ಹೆಚ್ಚು.

ಪದದ ಗಡಿ ದಾಟಿದಾಗ ಇನ್ನೂ ಸ್ವಾರಸ್ಯ. ಫ್ರೆಂಚಿನ ಉಚ್ಚಾರಾಂಶಕ್ಕೆ ಪದಗಳ ನಡುವಿನ ಬಿಳಿ ಜಾಗ ಕಾಣುವುದಿಲ್ಲ. ‘ಇಲ್’ ಅಂದರೆ ಅವನು, ‘ಆರೀವ್’ ಅಂದರೆ ಬರುತ್ತಾನೆ, ತಲುಪುತ್ತಾನೆ. ಸೇರಿಸಿ ಹೇಳಿದರೆ ಇ-ಲಾ-ರೀವ್. ಲಕಾರ ಹಾರಿ ಆಚೆ ಕುಳಿತಿತು. ‘ಅವರು ಬರುತ್ತಾರೆ’ ಎನ್ನಲು ಇಲ್-ಜ಼ಾ-ರೀವ್. ಕ್ರಿಯಾಪದ ಎರಡರಲ್ಲೂ ‘ಆರೀವ್’. ಬರಹದಲ್ಲಿ ಎರಡನೆಯದಕ್ಕೆ ಆ ಮೂರಕ್ಷರದ ಬಾಲ ಇದೆ, ಕಿವಿಗೆ ಅದು ಬೀಳುವುದೇ ಇಲ್ಲ. ಬಂದದ್ದು ಒಬ್ಬರೋ ಹಲವರೋ ಎಂದು ಹೇಳುವುದು ನಡುವೆ ಝೇಂಕರಿಸುವ ಆ ಜ಼ಕಾರ ಒಂದೇ. ಇನ್ನೊಂದು ಜೋಡಿ: ಇಲ್-ಜ಼ೋಂ ಅಂದರೆ ‘ಅವರ ಬಳಿ ಇದೆ’, ಇಲ್-ಸೋಂ ಅಂದರೆ ‘ಅವರು ಇದ್ದಾರೆ’. ಜ಼ ಮತ್ತು ಸ ಬೆರೆತುಹೋದರೆ ‘ಹೊಂದಿರು’ ಮತ್ತು ‘ಇರು’ ಎಂಬ ಎರಡು ಮೂಲ ಕ್ರಿಯಾಪದಗಳೇ ಅದಲುಬದಲಾಗುತ್ತವೆ. ಜ಼ಕಾರ ನಮ್ಮ ನಾಲಿಗೆಗೆ ಸಹಜವಲ್ಲ, ಅದಕ್ಕೇ ಮೊದಲ ವಾರವೇ ಇದನ್ನು ಮಾಡಿಸುತ್ತೇನೆ.

ಸಂಧಿ ಕಲಿತ ನಮಗೆ ಇದು ಅಪರಿಚಿತವೇನಲ್ಲ. ‘ಜ’ ಮತ್ತು ‘ಎಮ್’ ಸೇರಿ ‘ಜೆಮ್’, ಅಂದರೆ ‘ನಾನು ಪ್ರೀತಿಸುತ್ತೇನೆ’. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ ಇದೂ ಲೋಪಸಂಧಿ. ಆಗಮವೂ ಇದೆ. ‘ಅವನು ಮಾತಾಡುತ್ತಾನೆಯೇ?’ ಎಂದು ಕೇಳಲು ಕ್ರಿಯಾಪದ ಮುಂದೆ, ಸರ್ವನಾಮ ಹಿಂದೆ: ಪಾರ್ಲ್, ಇಲ್. ಆದರೆ ಹೇಳುವುದು ಪಾರ್ಲ್-ತೀಲ್. ಈ ತಕಾರ ಎಲ್ಲಿಂದ ಬಂತು? ‘ಮನೆಯನ್ನು’ ಎಂಬುದರಲ್ಲಿ ಯಕಾರ ಬಂದ ಹಾಗೆ ಬಂತು ಎನ್ನಬಹುದು, ಆದರೆ ಇದರ ಹಿಂದೆ ಒಂದು ಸಣ್ಣ ನೆನಪೂ ಇದೆ. ಲ್ಯಾಟಿನ್‌ನಲ್ಲಿ ‘ಅವನು’ ರೂಪದ ಕೊನೆಗೆ ತಕಾರ ಇರುತ್ತಿತ್ತು. ಈ ಗುಂಪಿನ ಕ್ರಿಯಾಪದಗಳಲ್ಲಿ ಅದು ಸವೆದುಹೋಯಿತು. ‘ಇದ್ದಾನೆಯೇ?’ ಎನ್ನುವ ಎ-ತೀಲ್, ‘ಮಲಗಿದ್ದಾನೆಯೇ?’ ಎನ್ನುವ ದೊರ್-ತೀಲ್ ಇವುಗಳಲ್ಲಿ ಉಳಿಯಿತು. ಅವನ್ನು ಕೇಳಿ ಕೇಳಿ ಜನ ಉಳಿದವಕ್ಕೂ ತಕಾರ ಹಚ್ಚಿದರು. ಕಳೆದುಹೋದದ್ದು ಅಕ್ಕಪಕ್ಕದವರ ಮನೆಯಿಂದ ವಾಪಸು ಬಂತು.

ಇಷ್ಟು ಹೊತ್ತು ಎಲ್ಲಿ ಮುರಿಯುತ್ತದೆ ಎಂದು ನೋಡಿದೆವು. ಇನ್ನು ಒತ್ತು. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಕನ್ನಡದಲ್ಲಿ ಒತ್ತನ್ನು ಅತ್ತಿತ್ತ ಸರಿಸಿದರೆ ಕೇಳಲು ವಿಚಿತ್ರ ಅನಿಸೀತು, ಅರ್ಥ ಬದಲಾಗದು. ಇಟಾಲಿಯನ್‌ನಲ್ಲಿ ಹಾಗಲ್ಲ. ‘ಪಾರ್ಲೊ’ ಎಂದು ಮೊದಲ ಭಾಗವನ್ನು ಒತ್ತಿದರೆ ‘ನಾನು ಮಾತಾಡುತ್ತೇನೆ’, ಕೊನೆಯನ್ನು ಒತ್ತಿದರೆ ‘ಅವನು ಮಾತಾಡಿದ’. ಆಳು ಬೇರೆ, ಕಾಲ ಬೇರೆ. ಸ್ಪ್ಯಾನಿಷ್‌ನಲ್ಲೂ ಇಂಥ ಜೋಡಿಗಳು ಬೇಕಾದಷ್ಟಿವೆ. ಇವೆಲ್ಲ ಲ್ಯಾಟಿನ್ನಿನ ಮಕ್ಕಳು. ಅದೇ ತಾಯಿಯ ಮಗಳಾದ ಫ್ರೆಂಚಿನಲ್ಲಿ ಇಂಥದ್ದು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಒತ್ತು ಪದದ ಸ್ವತ್ತೇ ಅಲ್ಲ. ಒಂದು ಉಸಿರಿಗೆ ಹೇಳುವ ಪದಗುಚ್ಛದ ಕೊನೆಯ ಪೂರ್ಣ ಉಚ್ಚಾರಾಂಶಕ್ಕೆ ಅದು ಸೇರಿದ್ದು.

ಹೇಳಿ ತೋರಿಸುತ್ತೇನೆ. ‘ಜ ಪಾರ್ಲ್.’ ಒತ್ತು ಪಾರ್ಲ್ ಮೇಲೆ. ‘ಜ ಪಾರ್ಲ್ ಫ್ರಾಂಸೆ.’ ಒತ್ತು ‘ಸೆ’ ಮೇಲೆ. ಪಾರ್ಲ್ ತನ್ನದನ್ನು ಬಿಟ್ಟುಕೊಟ್ಟು ತಣ್ಣಗೆ ಕುಳಿತಿದೆ. ‘ಜ ಪಾರ್ಲ್ ಫ್ರಾಂಸೆ ಆ ಲಾ ಮೆಜ಼ೋಂ’, ಮನೆಯಲ್ಲಿ ಫ್ರೆಂಚ್ ಮಾತಾಡುತ್ತೇನೆ. ಒಂದೇ ಉಸಿರಿಗೆ ಹೇಳಿದರೆ ಈಗ ಒತ್ತು ‘ಜ಼ೋಂ’ ಪಾಲು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದವನನ್ನು ಹೊಸದಾಗಿ ಹತ್ತಿದವರು ಒಳಗೆ ತಳ್ಳಿದ ಹಾಗೆ. ಇನ್ನೊಂದು ಮಾತು, ಈ ಒತ್ತು ಗಟ್ಟಿ ದನಿಯದಲ್ಲ, ಮುಖ್ಯವಾಗಿ ಉದ್ದದ್ದು. ಕೊನೆಯ ಉಚ್ಚಾರಾಂಶವನ್ನು ಸ್ವಲ್ಪ ಎಳೆಯುತ್ತಾರೆ. ಇಂಗ್ಲಿಷ್ ಅಭ್ಯಾಸದವರು ಪ್ರತಿ ಪದಕ್ಕೂ ಒಂದು ಗುದ್ದು ಕೊಡುತ್ತ ಹೋಗುತ್ತಾರೆ, ಕೇಳುವ ಫ್ರೆಂಚರಿಗೆ ಪ್ರತಿ ಗುದ್ದಿಗೂ ವಾಕ್ಯ ಮುಗಿದ ಹಾಗೆ ಅನಿಸುತ್ತದೆ. ಸಿಟ್ಟು, ಉತ್ಸಾಹ ಬಂದಾಗ ಪದದ ಮುಂಭಾಗವನ್ನು ಒತ್ತುವುದೂ ಉಂಟು, ಆದರೆ ಅದು ಭಾವದ ಮಾತು.

ಹಾಗಾದರೆ ಕ್ರಿಯಾಪದಕ್ಕೂ ಒತ್ತಿಗೂ ಏನು ಸಂಬಂಧ? ಇವತ್ತಿನ ಫ್ರೆಂಚಿನಲ್ಲಿ ಹೆಚ್ಚೇನೂ ಇಲ್ಲ. ಆದರೆ ಫ್ರೆಂಚ್ ಕಲಿತವರು ಯಾರಾದರೂ ಇಲ್ಲಿದ್ದರೆ, ನೀವು ಬೈದುಕೊಂಡು ಬಾಯಿಪಾಠ ಮಾಡಿದ ‘ಅನಿಯಮಿತ’ ಕ್ರಿಯಾಪದಗಳ ಪಟ್ಟಿ ನೆನಪಿಸಿಕೊಳ್ಳಿ. ಹಿಡಿ, ಇಟ್ಟುಕೊ ಎಂಬರ್ಥದ್ದು: ಇಲ್ ತ್ಯಾಂ, ನೂ ತನೋಂ, ಇಲ್ ತ್ಯೆನ್. ಬೇಕು, ಬಯಸು ಎಂಬರ್ಥದ್ದು: ಇಲ್ ವೊ, ನೂ ವೂಲೋಂ. ಸಾಯು: ಇಲ್ ಮೊರ್, ನೂ ಮೂರೋಂ. ಮಾಡಲೇಬೇಕು ಎಂಬುದಕ್ಕೆ ಇಲ್ ದ್ವಾ, ನೂ ದವೋಂ. ನಾನು, ನೀನು, ಅವನು, ಅವರು ಒಂದು ಕಡೆ. ನಾವು, ನೀವು ಇನ್ನೊಂದು ಕಡೆ. ಪ್ರತಿ ಸಲವೂ ಗಡಿ ಅಲ್ಲೇ. ಅದೇ ನಾಲ್ಕು, ಅದೇ ಎರಡು. ಶುರುವಿನಲ್ಲಿ ‘ಪಾರ್ಲ್’ ಎಂದು ಒಂದೇ ಆಗಿ ಕೇಳಿಸಿದವು ಅದೇ ನಾಲ್ಕು, ಗಮನಿಸಿದಿರಾ?

ಇದರ ಗುಟ್ಟು ಲ್ಯಾಟಿನ್‌ನಲ್ಲಿದೆ, ಆ ಗುಟ್ಟನ್ನು ಬಿಡಿಸಲು ನಮ್ಮ ಗುರು-ಲಘುವೇ ಸಾಕು. ಲ್ಯಾಟಿನ್ನಿನ ಒತ್ತಿನ ನಿಯಮ ಹೀಗೆ: ಪದದ ಕೊನೆಯಿಂದ ಎರಡನೆಯ ಉಚ್ಚಾರಾಂಶ ಗುರುವಾದರೆ ಒತ್ತು ಅಲ್ಲಿ, ಲಘುವಾದರೆ ಅದಕ್ಕೂ ಹಿಂದಿನದರ ಮೇಲೆ. ಎರಡೇ ಉಚ್ಚಾರಾಂಶವಿದ್ದರೆ ಮೊದಲನೆಯದರ ಮೇಲೆ. ಈಗ ‘ಹಿಡಿ’ಯನ್ನು ತೆಗೆದುಕೊಳ್ಳಿ. ಅವನು ಹಿಡಿಯುತ್ತಾನೆ, ತೆ-ನೆತ್. ಎರಡೇ ಇವೆ, ಒತ್ತು ‘ತೆ’ ಮೇಲೆ, ಅಂದರೆ ಧಾತುವಿನ ಮೇಲೆ. ನಾವು ಹಿಡಿಯುತ್ತೇವೆ, ತೆ-ನೇ-ಮುಸ್. ಕೊನೆಯಿಂದ ಎರಡನೆಯದು ‘ನೇ’, ದೀರ್ಘ, ಗುರು. ಒತ್ತು ಅಲ್ಲಿಗೆ ಜಾರಿತು, ಧಾತು ಬರಿದಾಯಿತು. ಕ್ರಿಯಾಪದ ತಿರುಗಿದ ಹಾಗೆಲ್ಲ ಒತ್ತು ಧಾತುವಿನಿಂದ ಪ್ರತ್ಯಯಕ್ಕೆ, ಪ್ರತ್ಯಯದಿಂದ ಧಾತುವಿಗೆ ಓಡಾಡುತ್ತಿತ್ತು.

ಮುಂದೆ ಗಾಲ್ ಪ್ರದೇಶದಲ್ಲಿ, ಅಂದರೆ ಹೆಚ್ಚುಕಡಿಮೆ ಇಂದಿನ ಫ್ರಾನ್ಸಿನಲ್ಲಿ, ಲ್ಯಾಟಿನ್ ಬದಲಾಗುತ್ತ ಹೋದಾಗ ಒತ್ತು ಬಿದ್ದ ಸ್ವರಗಳು ಉಬ್ಬಿ ಒಡೆದವು, ಒತ್ತಿಲ್ಲದವು ಕುಗ್ಗಿದವು. ಒತ್ತಿದ್ದ ‘ತೆ’ ಉಬ್ಬಿ ‘ತ್ಯೆ’ ಆಗಿ ಇಂದಿನ ‘ತ್ಯಾಂ’. ಒತ್ತಿಲ್ಲದ ‘ತೆ’ ಕುಗ್ಗಿ ‘ತ’ ಆಗಿ ಇಂದಿನ ‘ತನೋಂ’. ಒತ್ತಿದ್ದ ‘ದೇ’ ಹಲವು ಮೆಟ್ಟಿಲು ದಾಟಿ ‘ದ್ವಾ’, ಒತ್ತಿಲ್ಲದ್ದು ‘ದವೋಂ’ನ ‘ದ’. ಆಮೇಲೆ ಶತಮಾನಗಳಲ್ಲಿ ಪದದ ಒತ್ತೇ ಫ್ರೆಂಚಿನಿಂದ ಹೋಯಿತು. ಗುರುತು ಉಳಿಯಿತು. ಕೆರೆ ಬತ್ತಿದ ಮೇಲೂ ಏರಿ ಇರುತ್ತದಲ್ಲ, ಹಾಗೆ. ಅನಿಯಮಿತ ಎಂದು ಪುಸ್ತಕ ಕರೆಯುವ ಈ ಪಟ್ಟಿ, ನನ್ನ ಪ್ರಕಾರ, ಫ್ರೆಂಚಿನಲ್ಲಿ ತುಂಬ ನಿಯಮಬದ್ಧವಾದ ಜಾಗ. ನಿಯಮ ಇಂದಿನದಲ್ಲ, ಅಷ್ಟೇ.

ನಂಬಿಕೆ ಬರದಿದ್ದರೆ ಸರ್ವನಾಮ ನೋಡಿ. ಲ್ಯಾಟಿನ್ನಿನ ‘ಮೇ’, ಅಂದರೆ ನನ್ನನ್ನು. ಒತ್ತಿಲ್ಲದೆ ಕ್ರಿಯಾಪದಕ್ಕೆ ಅಂಟಿಕೊಂಡಾಗ ಅದು ‘ಮ’ ಆಯಿತು. ಒತ್ತಿನೊಂದಿಗೆ ನಿಂತಾಗ ‘ಮ್ವಾ’ ಆಯಿತು. ‘ದ’ ಮತ್ತು ‘ದ್ವಾ’ ಹೇಗೋ ‘ಮ’ ಮತ್ತು ‘ಮ್ವಾ’ ಹಾಗೇ. ‘ನನ್ನನ್ನು ನೋಡುತ್ತಾನೆ’ ಎಂದರೆ ಇಲ್ ಮ ರಗಾರ್ದ್. ಅದನ್ನೇ ಆಜ್ಞೆ ಮಾಡಿ, ‘ನನ್ನನ್ನು ನೋಡು!’ ರಗಾರ್ದ್-ಮ್ವಾ. ಗುಚ್ಛದ ಕೊನೆ ಬಂತು, ಒತ್ತು ಬಂತು, ‘ಮ’ ಎದ್ದು ‘ಮ್ವಾ’ ಆಗಲೇಬೇಕು. ಆದರೆ ‘ಅವನನ್ನು ನೋಡು’ ಎನ್ನುವಾಗ ರಗಾರ್ದ್-ಲ. ಈ ‘ಲ’ಗೆ ಒತ್ತಿನ ಜೋಡಿ ಇಲ್ಲಿ ಇಲ್ಲ, ಪಾಪ. ಎಂದೂ ಒತ್ತು ಹೊರದ ಮೂಕ ಸ್ವರ ಇಲ್ಲಿ ಬೇರೆ ದಾರಿ ಕಾಣದೆ ಇಡೀ ಗುಚ್ಛದ ಭಾರ ಹೊರುತ್ತದೆ. ಫ್ರೆಂಚಿನಲ್ಲಿ ಈ ಸ್ವರ ಒತ್ತು ಹೊರುವ ಜಾಗಗಳು ಬೆರಳೆಣಿಕೆ, ಇದು ಅವುಗಳಲ್ಲಿ ಒಂದು.

ನಿಮ್ಮಲ್ಲಿ ಯಾರೋ ಕೇಳುತ್ತೀರಿ: ಹಾಗಾದರೆ ‘ಮಾತಾಡು’ ಯಾಕೆ ಹಾಗೆ ಒಡೆಯಲಿಲ್ಲ? ಪಾರ್ಲ್, ಪಾರ್ಲೋಂ, ಧಾತು ಒಂದೇ ಇದೆಯಲ್ಲ. ಒಡೆದಿತ್ತು! ಹಳೆಯ ಫ್ರೆಂಚಿನಲ್ಲಿ ‘ಅವನು ಮಾತಾಡುತ್ತಾನೆ’ ಎಂಬುದು ಪಾರೊಲ್ ಎಂದೂ, ‘ನಾವು ಮಾತಾಡುತ್ತೇವೆ’ ಎಂಬುದು ಪಾರ್ಲೋಂ ಎಂಬಂತೆಯೂ ಇತ್ತು. ಒತ್ತು ಬಿದ್ದ ನಡುಭಾಗ ಉಳಿಯಿತು, ಒತ್ತು ಆಚೆ ಸರಿದಾಗ ನಡುಭಾಗ ಉದುರಿತು. ಬರಬರುತ್ತ ಜನರಿಗೆ ಎರಡೆರಡು ಧಾತು ಹೊರುವುದು ಬೇಸರವಾಗಿ ಎಲ್ಲವನ್ನೂ ‘ಪಾರ್ಲ್’ ಮಾಡಿದರು. ಕ್ರಿಯಾಪದದಿಂದ ಹೊರಬಿದ್ದ ‘ಪಾರೊಲ್’ ನಾಮಪದವಾಗಿ ಬದುಕಿದೆ, ಮಾತು ಎಂಬ ಅರ್ಥದಲ್ಲಿ, ಕೊಟ್ಟ ಮಾತು ಎಂಬ ಅರ್ಥದಲ್ಲೂ. ಅದನ್ನು ನೀವೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇದ್ದೀರಿ. ಕೈದಿ ವಾಪಸು ಬರುತ್ತೇನೆಂದು ಮಾತು ಕೊಟ್ಟು ಹೊರಬರುವ ‘ಪೆರೋಲ್’ ಅದೇ ಪದ, ಇಂಗ್ಲಿಷ್ ಮೂಲಕ ನಮ್ಮ ಜೈಲುಗಳಿಗೆ ಬಂದದ್ದು.

ಇಂದಿಗೂ ಚಾಲ್ತಿಯಲ್ಲಿರುವ ಒಂದು ನಿಯಮಕ್ಕೆ ಬರುತ್ತೇನೆ. ‘ಕೊಳ್ಳು’ ಎಂಬ ಪದ. ನಾವು ಕೊಳ್ಳುತ್ತೇವೆ: ಬರಹದಲ್ಲಿ ಆ-ಶ-ತೋಂ, ಮೂರು. ಬಾಯಲ್ಲಿ ಆಶ್-ತೋಂ, ಎರಡು. ಮೂಕ ಸ್ವರ ನಿಜವಾಗಿಯೂ ಮೂಕವಾಯಿತು. ‘ಹೋಗುತ್ತೇನೆ’ ಎಂದು ಬರೆದು ‘ಹೋಗ್ತೀನಿ’ ಎನ್ನುವ ನಮಗೆ ಇದನ್ನು ವಿವರಿಸಬೇಕಿಲ್ಲ. ಆದರೆ ‘ನಾನು ಕೊಳ್ಳುತ್ತೇನೆ’ ಎನ್ನುವಾಗ ಕೊನೆಯ ಸ್ವರ ಉದುರುತ್ತದೆ, ತಕಾರ ಹಿಂದಿನದಕ್ಕೆ ಅಂಟಿ ಉಚ್ಚಾರಾಂಶ ಮುಚ್ಚುತ್ತದೆ. ಮುಚ್ಚಿದ, ಕೊನೆಯ ಉಚ್ಚಾರಾಂಶದಲ್ಲಿ ಮೂಕ ಸ್ವರ ನಿಲ್ಲಲಾರದು. ಅದು ಬಾಯಿ ತೆರೆದ ‘ಎ’ ಆಗುತ್ತದೆ: ಆ-ಶೆತ್. ‘ಕರೆ’ ಎಂಬ ಪದದಲ್ಲೂ ಹೀಗೇ, ಆಪ್-ಲೋಂ ಮತ್ತು ಆ-ಪೆಲ್. ಬಾಯಿಗೆ ಎರಡೂ ಒಂದೇ ನಿಯಮ. ಬರಹಕ್ಕೆ ಮಾತ್ರ ‘ಕೊಳ್ಳು’ವಿನಲ್ಲಿ ಇ ಮೇಲೊಂದು ಗೀಟು ಎಳೆಯಬೇಕು, ‘ಕರೆ’ಯಲ್ಲಿ ಎಲ್ ಅನ್ನು ಎರಡು ಸಲ ಬರೆಯಬೇಕು. ಇದಕ್ಕೆ ಸಮರ್ಥನೆ ನನಗಂತೂ ಕಂಡಿಲ್ಲ. 1990ರ ಡಿಸೆಂಬರ್ 6ರಂದು ಫ್ರೆಂಚ್ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದ ಕಾಗುಣಿತ ತಿದ್ದುಪಡಿ ಇಂಥ ಬಹುತೇಕ ಕ್ರಿಯಾಪದಗಳಿಗೆ ಗೀಟಿನ ದಾರಿಯನ್ನೇ ಕೊಟ್ಟಿತು, ಆದರೆ ‘ಕರೆ’ ಮತ್ತು ‘ಎಸೆ’ ತುಂಬ ರೂಢಿಯಾಗಿವೆಯೆಂದು ಅವನ್ನೂ ಅವುಗಳ ಬಳಗವನ್ನೂ ಹಾಗೇ ಬಿಟ್ಟಿತು.

ಅದೇ ತಿದ್ದುಪಡಿಯಲ್ಲಿ ನನಗಿಷ್ಟವಾದ ಒಂದು ಎಳೆ ಇದೆ. ‘ನಾನು ಪ್ರೀತಿಸುತ್ತೇನೆಯೇ?’ ಎಂದು ಹಳೆಯ ಶೈಲಿಯಲ್ಲಿ ಕೇಳಬೇಕಾದರೆ ಕ್ರಿಯಾಪದ ಆದ ಮೇಲೆ ‘ಜ’ ಬರಬೇಕು. ಆ ‘ಜ’ ಕೂಡ ಮೂಕ. ಹಾಗಾದರೆ ಒತ್ತು ಅದರ ಹಿಂದಿನದಕ್ಕೆ ಬೀಳಬೇಕು, ಅಲ್ಲಿರುವುದೂ ಮೂಕ ಸ್ವರವೇ! ಎರಡು ಮೂಕರಲ್ಲಿ ಒಬ್ಬರು ಬಾಯಿ ಬಿಡಲೇಬೇಕು. ಮೊದಲನೆಯದು ಬಿಟ್ಟಿತು: ಎ-ಮೆಜ್. ಬಾಯಲ್ಲಿ ತೆರೆದ ‘ಎ’ ಇದ್ದರೂ ಬರಹದಲ್ಲಿ ಬಹುಕಾಲ ಮುಚ್ಚಿದ ‘ಏ’ಯ ಗೀಟು ಹಾಕುತ್ತಿದ್ದರು. 1990ರಲ್ಲಿ ಗೀಟನ್ನು ಬಾಯಿಗೆ ಹೊಂದಿಸಿದರು. ಇವತ್ತು ಇಂಥ ಪ್ರಶ್ನೆಯನ್ನು ಯಾರೂ ಬೀದಿಯಲ್ಲಿ ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

ಭವಿಷ್ಯತ್ಕಾಲದಲ್ಲಿ ಒತ್ತಿನ ಓಡಾಟ ಇಲ್ಲವೇ ಇಲ್ಲ. ಯಾಕೆಂದರೆ ಅದು ಮೂಲದಲ್ಲಿ ಎರಡು ಪದ. ಲ್ಯಾಟಿನ್ ಮಾತಾಡುವವರು ‘ಹಾಡುವೆನು’ ಎಂಬ ಹಳೆಯ ರೂಪ ಬಿಟ್ಟು ‘ಹಾಡಲು ನನಗಿದೆ’ ಎನ್ನತೊಡಗಿದರು. ನಮ್ಮ ‘ನಂಗೆ ನಾಳೆ ಊರಿಗೆ ಹೋಗೋದಿದೆ’ ಇದ್ದ ಹಾಗೇ. ಆ ‘ಇದೆ’ಯ ಮೇಲೆ ಒತ್ತು ಇತ್ತು, ಸವೆದು ಪ್ರತ್ಯಯವಾದ ಮೇಲೂ ಅದು ಅಲ್ಲೇ ನಿಂತಿತು. ಹಾಗಾಗಿ ಆರೂ ರೂಪಗಳಲ್ಲಿ ಒತ್ತು ಕೊನೆಗೇ, ಧಾತು ಒಡೆಯುವ ಪ್ರಶ್ನೆಯೇ ಬರಲಿಲ್ಲ. ಒಡೆಯುವುದು ಉಚ್ಚಾರಾಂಶದ ಲೆಕ್ಕ. ‘ಕೊಡುತ್ತೇನೆ’ ಎನ್ನಲು ದೊನ್-ರೇ, ಎರಡು ಪೆಟ್ಟು, ನಡುವಿನ ಮೂಕ ಸ್ವರ ಮಾಯ. ‘ಮಾತಾಡುತ್ತೇನೆ’ ಎನ್ನಲು ಪಾರ್-ಲ-ರೇ, ಮೂರು. ಇಲ್ಲಿ ಯಾಕೆ ಉಳಿಯಿತು? ತೆಗೆದುಬಿಟ್ಟರೆ ರ, ಲ, ರ ಮೂರು ವ್ಯಂಜನ ಸಾಲಾಗಿ ನಿಲ್ಲುತ್ತವೆ, ಹೇಳಿ ನೋಡಿ, ನಾಲಿಗೆ ಗಂಟು ಬೀಳುತ್ತದೆ. ಮೋರೀಸ್ ಗ್ರಾಮೋಂ ಎಂಬ ಭಾಷಾಶಾಸ್ತ್ರಜ್ಞ ಇದಕ್ಕೆ ಮೂರು ವ್ಯಂಜನಗಳ ನಿಯಮ ಎಂದು ಹೆಸರಿಟ್ಟರು. ನಿಯಮ ಅಂದಷ್ಟು ಬಿಗಿಯೇನಲ್ಲ, ಆದರೆ ಕಲಿಯುವವರಿಗೆ ಒಳ್ಳೆಯ ಊರುಗೋಲು. ಟೂಲೂಸ್, ಮಾರ್ಸೇ ಕಡೆಯ ದಕ್ಷಿಣದವರಿಗಂತೂ ಈ ತಾಪತ್ರಯ ಕಡಿಮೆ, ಅವರು ಮೂಕ ಸ್ವರವನ್ನು ಬಿಡದೆ ಹೇಳುತ್ತಾರೆ. ಅವರ ಬಾಯಲ್ಲಿ ‘ಪಾರ್ಲ್’ ಕೂಡ ‘ಪಾರ್-ಲ’. ವ್ಯಂಜನದಲ್ಲಿ ಪದ ಮುಗಿಸಲು ಒದ್ದಾಡಿ ಬಸ್ ಅನ್ನು ಬಸ್ಸು ಮಾಡಿಕೊಂಡ ನಮಗೆ ಅವರು ದೂರದ ಸೋದರಮಾವಂದಿರ ಹಾಗೆ ಕಾಣುತ್ತಾರೆ.

ಇವರ ಪಕ್ಷದಲ್ಲಿ ಇನ್ನೊಬ್ಬರಿದ್ದಾರೆ, ಕವಿಗಳು. ಹಳೆಯ ಫ್ರೆಂಚ್ ಛಂದಸ್ಸಿನ ಪ್ರಸಿದ್ಧ ಸಾಲಿಗೆ 12 ಉಚ್ಚಾರಾಂಶ, 6 ಆದ ಮೇಲೆ ಒಂದು ತಂಗು. ಅಲ್ಲಿ ವ್ಯಂಜನದ ಮುಂದೆ ಬರುವ ಮೂಕ ಸ್ವರಕ್ಕೂ ಪೂರ್ಣ ಲೆಕ್ಕ. ‘ಅವರು ಕಡಲಿನ ಬಗ್ಗೆ ಮಾತಾಡುತ್ತಾರೆ’ ಎಂದು ನಾನೇ ಒಂದು ಅರೆಸಾಲು ಕಟ್ಟುತ್ತೇನೆ: ಇಲ್-ಪಾರ್-ಲ-ದ-ಲಾ-ಮೆರ್. ಆರು, ಸರಿಯಾಗಿ ಅರ್ಧ ಸಾಲು. ಪ್ಯಾರಿಸ್ಸಿನ ಕೆಫೆಯಲ್ಲಿ ಇದನ್ನೇ ಹೇಳಿದರೆ ಇಲ್-ಪಾರ್ಲ್-ದ-ಲಾ-ಮೆರ್, ಐದು. ಛಂದಸ್ಸು ಕೆಟ್ಟಿತು. ಮಾತಿನಲ್ಲಿ ಪೂರ್ತಿ ಸತ್ತ ಆ ಮೂರಕ್ಷರದ ಬಾಲ, ‘ಪಾರ್ಲೆಂಟ್’ ಎಂದು ಓದಿ ನನ್ನ ವಿದ್ಯಾರ್ಥಿಗಳು ಬೈಸಿಕೊಳ್ಳುವ ಅದೇ ಬಾಲ, ಇಲ್ಲಿ ಒಂದು ಪೆಟ್ಟಿನ ಜಾಗ ಹಿಡಿದು ಕುಳಿತಿದೆ. ಮುಂದಿನ ಪದ ಸ್ವರದಿಂದ ಶುರುವಾದರೆ ಅದರ ತಕಾರವೂ ಎದ್ದು ಬರುತ್ತದೆ.

ಕೊನೆಗೆ, ಹಿಂದಿನ ಸಾಲಿನಲ್ಲಿ ಕುಳಿತವರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ: ‘ಪ್ರೀತಿಸು ಎಂಬುದು ಎಮೇ, ಪ್ರೀತಿ ಎಂಬುದು ಆಮೂರ್. ಒಂದರಲ್ಲಿ ಎ, ಇನ್ನೊಂದರಲ್ಲಿ ಆ ಯಾಕೆ?’ ಇಷ್ಟು ಹೊತ್ತು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಲ್ಯಾಟಿನ್‌ನಲ್ಲಿ ಅವನು ಪ್ರೀತಿಸುತ್ತಾನೆ, ಆ-ಮತ್, ಒತ್ತು ಮೊದಲಿಗೆ, ಸ್ವರ ಬದಲಾಗಿ ‘ಎಮ್’ ಆಯಿತು. ನಾವು ಪ್ರೀತಿಸುತ್ತೇವೆ, ಆ-ಮಾ-ಮುಸ್, ಒತ್ತು ‘ಮಾ’ ಮೇಲೆ, ಮೊದಲ ಸ್ವರ ಹಾಗೇ ಉಳಿದು ಹಳೆಯ ಫ್ರೆಂಚಿನಲ್ಲಿ ‘ಆಮೋಂ’ ಆಯಿತು. ಎರಡು ಧಾತು ಬೇಸರವಾಗಿ ಒಂದನ್ನು ಆರಿಸಿಕೊಳ್ಳುವಾಗ ‘ಮಾತಾಡು’ವಿನಲ್ಲಿ ಒತ್ತಿಲ್ಲದ ಧಾತು ಗೆದ್ದಿತ್ತು. ಇಲ್ಲಿ ಒತ್ತಿದ್ದ ಧಾತು ಗೆದ್ದಿತು, ‘ಆಮೋಂ’ ಹೋಗಿ ‘ಎಮೋಂ’ ಬಂತು. ಸೋತ ‘ಆಮ್’ ಎಲ್ಲಿಗೂ ಹೋಗಲಿಲ್ಲ. ಒತ್ತು ಕೊನೆಗೆ ಬೀಳುವ ನಾಮಪದಗಳಲ್ಲಿ ಅದು ಇಂದಿಗೂ ಸಿಗುತ್ತದೆ: ಆಮೂರ್, ಗೆಳೆಯ ಎಂಬ ಆಮೀ, ಪ್ರಿಯಕರ ಎಂಬ ಆಮಾಂ.